ಗಾಜಿನಾಚೆ ಗಂಡ ಕಾಣುತ್ತಿರಬೇಕು

ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಮನೆಯ ಸರಿ ಕೆಳಗಿನ ಮನೆಯಲ್ಲಿದ್ದ ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಎಲ್ಲರೂ ಎಂದರೆ ಅವರ ಗಂಡನೂ ಸೇರಿ. ಗ್ರಾಂಟ್ ರೋಡಿನಲ್ಲಿ ಉಡುಪಿ ಹೋಟೆಲೊಂದನ್ನು ಬಹಳ ವರ್ಷ ನಡೆಸಿದ ದಂಪತಿ ಅವರು. ಗಂಡ ಗಲ್ಲಾದಲ್ಲಿ, ಹೆಂಡತಿ ಅಡುಗೆಮನೆಯಲ್ಲಿ. ಕೆಲಸದವರೆಲ್ಲ ಅಕ್ಕ ಎನ್ನುವಾಗ ಹೊರಗಿನಿಂದ ಆರ್ಡರ್ ಕೂಗುವ ಗಂಡನೊಬ್ಬನೇ ಬೇರೆ ಏನಾದರೂ ಕೂಗಿದರೆ ಒಳಗೆ ಗೊಂದಲವಾಗುತ್ತಿತ್ತಂತೆ. ಹಾಗಾಗಿ ಅವರೂ ‘ಅಕ್ಕಾ, ಎರಡು ಮಸಾಲೆ’ ಎಂದು ಶುರು ಮಾಡಿದರು. ಹೋಟೆಲು ಮಾರಿ ಈಚೆಗೆ ಬಂದ ಮೇಲೂ ಬಾಯಿ ತಿರುಗಲಿಲ್ಲ. ಗಂಡನನ್ನು ಮುಂಬಯಿಯ ಪದ್ಧತಿಯಂತೆ ಜಗತ್ತೆಲ್ಲ ಅಣ್ಣ ಎನ್ನುತ್ತಿತ್ತು. ಅಕ್ಕ ಮತ್ತು ಅಣ್ಣ ಗಂಡ-ಹೆಂಡತಿ ಎಂದು ಹೊಸ ಬಾಡಿಗೆದಾರರಿಗೆ ತಿಳಿಸಿ ಹೇಳುವುದು ಸೊಸೈಟಿಯ ಸೆಕ್ರೆಟರಿಯ ಕೆಲಸಗಳಲ್ಲಿ ಒಂದಾಗಿತ್ತು. ಆ ಸೆಕ್ರೆಟರಿ ನಾನು.

ಕಳೆದ ತಿಂಗಳು ಅಕ್ಕ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಸಾರಿಗೆ ಉಪ್ಪು ಸಾಲದು ಎಂದು ಹೇಳಿ ಮಲಗಿದವರು ಏಳಲಿಲ್ಲ. ನೋಡಲು ಬಂದವರೆಲ್ಲ ಅವರ ಕೈರುಚಿಯನ್ನು ನೆನೆದರು. ಅದು ಸಹಜವೇ. ಹೋಟೆಲಿನ ಅಳತೆಗೆ ಪಳಗಿದ ಅವರ ಕೈಗೆ ಇಬ್ಬರ ಅಡುಗೆ ಮಾಡಲು ಬರುತ್ತಲೇ ಇರಲಿಲ್ಲ. ದಿನವೂ ಒಂದು ಪಂಕ್ತಿಗಾಗುವಷ್ಟು ಮಾಡಿ, ಆಮೇಲೆ ಮೆಟ್ಟಿಲ ಬಳಿ ನಿಂತು ಹೋಗಿ ಬರುವವರ ಮಣಿಕಟ್ಟು ಹಿಡಿಯುತ್ತಿದ್ದರು. ಹಿಡಿತ ಸಡಿಲಿಸುವುದು ನೀವು ಡಬ್ಬಿ ತಂದಾಗಲೇ. ಆದರೆ ನನಗೆ ಮೊದಲು ನೆನಪಾದದ್ದು ಅವರ ಸಾಂಬಾರಲ್ಲ. ಅವರ ಎಡಗಾಲಿನ, ಹೆಬ್ಬೆರಳ ಪಕ್ಕದ ಬೆರಳು.

ಬೆರಳಿನ ವಿಷಯಕ್ಕೆ ಬರುವ ಮುಂಚೆ ನನ್ನ ವಿಷಯ ಒಂದಿಷ್ಟು ಹೇಳಬೇಕು. ನಾನು ವಿಮೆ ಕಚೇರಿಯಲ್ಲಿ ಕೆಲಸ ಮಾಡುವವನು. ಜನರಿಗೆ ಏನೇನು ಆಗಬಹುದು ಎಂದು ಹಗಲಿಡೀ ಯೋಚಿಸಿ, ಸಂಜೆ ಲೋಕಲ್ಲಿನಲ್ಲಿ ನನಗೆ ಏನೇನು ಆಗಬಹುದು ಎಂದು ಯೋಚಿಸುತ್ತಾ ಮನೆಗೆ ಬರುತ್ತೇನೆ. ‘ನಿಮಗೆ ಚಿಂತೆ ಮಾಡಲಿಕ್ಕೆ ವಿಷಯ ಬೇಡ, ಕುರ್ಚಿ ಸಿಕ್ಕಿದರೆ ಸಾಕು’ ಎಂದು ನನ್ನ ಹೆಂಡತಿ ಹೇಳುವುದುಂಟು. ಐವತ್ತು ದಾಟಿದ ಮೇಲೆ ನನಗೆ ಹೆಸರುಗಳು ಮರೆಯತೊಡಗಿದವು. ಮರೆತದ್ದು ಯಾರ ಹೆಸರು ಎಂಬುದೂ ಮರೆತಾಗ ಗಾಬರಿಯಾಯಿತು. ಆ ದಿನಗಳಲ್ಲೇ ಫೋನಿನಲ್ಲಿ ಹೊಳೆಯುವ ಮುಖದವನೊಬ್ಬ ಕಾಣಿಸಿಕೊಂಡು, ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಕೂತು ಶುದ್ಧ ಆಮ್ಲಜನಕ ಉಸಿರಾಡಿದರೆ ವಯಸ್ಸು ಹಿಂದಕ್ಕೆ ಹೋಗುತ್ತದೆ ಎಂದ. ಹೆಂಡತಿ ಇಣುಕಿ ನೋಡಿ, “ಗಾಳಿಗೆ ದುಡ್ಡು ಕೊಡ್ತೀರಾ? ಗ್ಯಾಲರಿಯಲ್ಲಿ ಹೋಗಿ ನಿಲ್ಲಿ” ಎಂದಳು. ಘಾಟ್ಕೋಪರಿನ ಗ್ಯಾಲರಿಯ, ಅಂದರೆ ಬಾಲ್ಕನಿಯ, ಗಾಳಿ ಕುಡಿದೇ ಈ ಗತಿ ಬಂದಿರುವುದು ಎಂದು ವಾದಿಸಿ, ಪರೇಲಿನ ಕ್ಲಿನಿಕ್ಕೊಂದನ್ನು ಹುಡುಕಿಕೊಂಡು ಹೋದೆ.

ಅಲ್ಲಿಯ ಡಾಕ್ಟರು ಮಂಗಳೂರು ಮೂಲದ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪ್ರಾಮಾಣಿಕಳು. “ಅಂಕಲ್, ಮಾಗದ ಗಾಯಕ್ಕೆ ಇದು ಯೂಸ್ ಆಗ್ತದೆ, ಅದು ಪಕ್ಕಾ. ಬಟ್ ಏಜಿಂಗ್‌ಗೆ... ಮೀನ್ಸ್, ಅಷ್ಟು ಪ್ರೂಫ್ ಇಲ್ಲ ಅಭೀ” ಎಂದಳು. ಅವಳು ಅಂಕಲ್ ಎನ್ನದಿದ್ದರೆ ಎದ್ದು ಬರುತ್ತಿದ್ದೆನೋ ಏನೋ. ಆ ಮಾತು ಕೇಳಿದ ಮೇಲೆ ಹೆಸರು ಬರೆಸಿಬಿಟ್ಟೆ.

ಅದೇ ವಾರ ಲಿಫ್ಟಿನಲ್ಲಿ ಅಕ್ಕ ಸಿಕ್ಕರು. ಕಾಲು ಎಳೆಯುತ್ತಿದ್ದರು. ಲಿಫ್ಟಿನ ತುಂಬ ಕಾಫಿಯ ಘಮ.

“ಏನಾಯ್ತು ಅಕ್ಕ?”

“ಎಂತ ಇಲ್ಲ ಮಾರಾಯ. ಬೆರಳಿಗೆ ಸಣ್ಣ ಗಾಯ. ಕಾಫಿ ಪುಡಿ ಒತ್ತಿದ್ದೇನೆ.” ನನ್ನ ಮುಖ ನೋಡಿ ಸಮಾಧಾನ ಹೇಳಿದರು, “ಚಿಕೋರಿ ಇಲ್ಲದ್ದು.”

ಸಣ್ಣದಾಗಿರಲಿಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ ಹಳೆಯದು. ಪಾದದಲ್ಲಿ ಸ್ಪರ್ಶವೇ ಇರಲಿಲ್ಲ. ಬೆರಳು ಊದಿಕೊಂಡು, ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹೂತುಕೊಂಡು, ಕೆಳಗೆ ಗಾಯ ಆಳಕ್ಕೆ ಇಳಿದಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ. ಹತ್ತಿರದ ಸರ್ಜನ್ನೊಬ್ಬರು ನೋಡಿ, ಬೆರಳು ತೆಗೆಯಬೇಕು, ತಡಮಾಡಿದರೆ ಪಾದದ ಮುಂಭಾಗವೂ ಹೋದೀತು ಎಂದರು. ಪರೇಲಿನ ವಿಷಯದಲ್ಲಿ ಆಗ ನಮ್ಮ ಬಿಲ್ಡಿಂಗಿಗೆಲ್ಲ ನಾನೊಬ್ಬನೇ ಪಂಡಿತ. ಗಂಡ-ಹೆಂಡತಿ ಇಬ್ಬರನ್ನೂ ಟ್ಯಾಕ್ಸಿಯಲ್ಲಿ ಕೂರಿಸಿ ಕರೆದೊಯ್ದೆ. ಡಾಕ್ಟರು ನೋಡಿ, ಗಾಯ ಶುಚಿ ಮಾಡಿ, ಔಷಧಿ ಕೊಟ್ಟು, ಸಕ್ಕರೆ ಹತೋಟಿಗೆ ತಂದು, ಜೊತೆಗೆ ಈ ಚೇಂಬರಿನಲ್ಲೂ ಕೂರಿಸಿ ನೋಡೋಣ, ಬೆರಳು ಉಳಿದರೂ ಉಳಿಯಬಹುದು, ಭರವಸೆ ಕೊಡಲಾರೆ ಎಂದಳು. ಮೊದಲ ಕೆಲಸ ಉಂಗುರ ಕತ್ತರಿಸುವುದು.

ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

“ಅದು ಆಗುದಿಲ್ಲ ಡಾಕ್ಟ್ರೇ. ಇವರು ಇದ್ದಾರಲ್ಲ” ಎಂದು ಅಣ್ಣನತ್ತ ಕೈ ತೋರಿಸಿದರು, ಸಾಕ್ಷಿಯನ್ನು ಹಾಜರುಪಡಿಸಿದ ಹಾಗೆ.

“ಅಂಕಲ್ ಇದ್ದಾರೆ. ಸೋ?”

ಗಂಡ ತೀರಿಕೊಂಡಾಗ ಮಾತ್ರ ಕಾಲುಂಗುರ ತೆಗೆಯುವುದು ಎಂದು ನಾನು ವಿವರಿಸಿದೆ.

“ಓಹ್. ಬಟ್ ಆಂಟಿ, ರಿಂಗ್ ಇಟ್ಟರೆ ಬೆರಳು ಹೋಗ್ತದೆ.”

“ಬೆರಳು ಹೋದ್ರೆ ಒಂದು ಬೆರಳು. ಇವರು ಹೋದ್ರೆ?”

ಅಣ್ಣ ಸಣ್ಣ ದನಿಯಲ್ಲಿ, “ತೆಗಿಸು ಮಾರಾಯ್ತಿ. ನಾನು ಎಲ್ಲಿಗೂ ಹೋಗುದಿಲ್ಲ” ಎಂದರು.

“ನಿಮ್ಮನ್ನು ನಂಬುದು ಹೇಗೆ? ಹಾಲು ತರ್ತೇನೆ ಅಂತ ಹೋದವರು ಮಾಟುಂಗದಲ್ಲಿ ಸಿಕ್ಕಿದ್ದೀರಿ.”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಅಣ್ಣನ ಕಡೆಗೇ ನೋಡುತ್ತಾ ಹೇಳಿದರು, “ನಿಮಗೆ ಎಂತ, ಹೋದರೆ ಮುಗೀತು. ಹೆಂಗಸರೆಲ್ಲ ಸುತ್ತ ಕೂತು ಕರಿಮಣಿ ಬಿಚ್ಚುದು ನನ್ನದು. ನಿಮ್ಮ ಅಮ್ಮನಿಗೆ ಮಾಡಿದ್ದನ್ನು ನಾನು ಅಲ್ಲೇ ನಿಂತು ನೋಡಿದ್ದೇನೆ.”

ಕತ್ತರಿಸುವ ಸಾಧನ ಟ್ರೇಯಲ್ಲೇ ಇತ್ತು.

ಕೊನೆಗೆ ದಾರಿ ತೋರಿಸಿದವರು ಅಣ್ಣನೇ. “ಉಂಗುರ ಎಂತಕ್ಕೆ ಹಾಕುದು? ನಾನು ಇದ್ದೇನೆ ಅಂತ ಅಲ್ವಾ? ಮೈ ಮೇಲೆ ಎಂತದೂ ಇಲ್ಲದಷ್ಟು ಹೊತ್ತು ನಾನೇ ನಿನ್ನ ಎದುರಿಗೆ ಇರ್ತೇನೆ. ಕಣ್ಣಿಗೆ ಕಾಣ್ತಾ ಇರ್ತೇನೆ. ಆಗುದಿಲ್ವಾ?”

ದೋಸೆಹಿಟ್ಟಿನ ಹುಳಿ ನೋಡುವವರಂತೆ ಅಕ್ಕ ಆ ಮಾತನ್ನು ಒಂದಷ್ಟು ಹೊತ್ತು ಬಾಯೊಳಗೆ ಇಟ್ಟುಕೊಂಡರು. ಆಮೇಲೆ ಕಾಲು ಮುಂದೆ ಚಾಚಿದರು. ಕತ್ತರಿಸಿದ ಉಂಗುರವನ್ನು ತೊಳೆಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಚೇಂಬರೆಂದರೆ ಮಲಗಿಸಿಟ್ಟ ದೊಡ್ಡ ಬಿಳಿಯ ಉಕ್ಕಿನ ಪೀಪಾಯಿ. ಪಕ್ಕದಲ್ಲಿ ದಪ್ಪ ಗಾಜಿನ ದುಂಡು ಕಿಟಕಿಗಳು, ಒಳಗೆ ಎದುರುಬದುರು ಕುರ್ಚಿಗಳು, ಪ್ರತಿಯೊಬ್ಬರಿಗೂ ಒಂದು ಮಾಸ್ಕು. ಆಮ್ಲಜನಕವಿರುವ ಕಡೆ ಕಿಡಿ ಹಾರಿದರೆ ಕಷ್ಟವೆಂದು ಲೋಹ, ಎಣ್ಣೆ, ನೈಲಾನ್, ಫೋನು ಎಲ್ಲ ನಿಷಿದ್ಧ. ಕ್ಲಿನಿಕ್ಕಿನ ಹತ್ತಿಯ ಅಂಗಿಯೇ ಗತಿ. ಯಂತ್ರ ನೋಡಿಕೊಳ್ಳುವವನು ವಿಜಯಪುರದ ಕಡೆಯವನು, ದಪ್ಪ ಮೀಸೆಯ ಶಾಂತ ಮನುಷ್ಯ. ಮೊದಲ ದಿನ ಅಕ್ಕನ ತಲೆ ನೋಡಿಯೇ ತಡೆದ.

“ಅಕ್ಕಾರ, ತಲ್ಯಾಗ ಕೊಬ್ಬರಿ ಎಣ್ಣಿ ಐತಿ. ಹಿಂಗ ಒಳಗ ಬಿಡಾಕ ಬರಂಗಿಲ್ರಿ.”

“ಎಣ್ಣೆ ಇಲ್ಲದ ತಲೆ ಎಂತ ತಲೆ ಮಾರಾಯ?”

“ಅದು ಖರೇನ್ರಿ. ಆದ್ರ ಬೆಂಕಿ ಹತ್ತಿದ್ರ ತಲಿನ ಉಳಿಯಂಗಿಲ್ಲ.”

ಶ್ಯಾಂಪೂ ಹಾಕಿ ತೊಳೆದುಕೊಂಡು ಬರಬೇಕಾಯಿತು. ಮರುದಿನ ಕರಿಮಣಿ, ಬಲಗಾಲಿನ ಉಂಗುರ, ಬಳೆ ಎಲ್ಲ ತೆಗೆದರು. ಕರಿಮಣಿಯ ಬದಲಿಗೆ ಹತ್ತಿಯ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಿದ್ದರು. ಅರಿಶಿನದ ಕೊಂಬು ಒಳಗೆ ಹೋಗಬಹುದೇ ಎಂಬ ಪ್ರಶ್ನೆ ಆ ಕ್ಲಿನಿಕ್ಕಿಗೆ ಅದುವರೆಗೆ ಎದುರಾಗಿರಲಿಲ್ಲ. ಯಂತ್ರದವನು ಡಾಕ್ಟರನ್ನು ಕೇಳಿದ. ಡಾಕ್ಟರು ತನ್ನ ಅಮ್ಮನಿಗೆ ಫೋನ್ ಮಾಡಿ ಅದು ಏನೆಂದು ಕೇಳಿ ತಿಳಿದು, ಮೂಸಿ ನೋಡಿ, ಎಣ್ಣೆಯ ಪಸೆ ಇಲ್ಲವೆಂದು ಖಚಿತ ಮಾಡಿಕೊಂಡು ಒಪ್ಪಿಗೆ ಕೊಟ್ಟಳು.

ಒಳಗೆ ಬಂದು ಕುರ್ಚಿಯಲ್ಲಿ ಕೂತ ಅಕ್ಕ ಸುತ್ತಲೂ ನೋಡಿದರು. “ಇದು ನಮ್ಮ ಇಡ್ಲಿ ಪಾತ್ರೆಯೇ ಅಲ್ವಾ. ಮುಚ್ಚಳ ಮಾತ್ರ ಬದಿಗೆ.”

ಒತ್ತಡ ಏರುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಎಂಜಲು ನುಂಗಬೇಕು. ನಾನು ಕಿವಿತಮಟೆ ಹರಿಯುವುದನ್ನು ಕಲ್ಪಿಸಿಕೊಂಡು ಬೆವರುತ್ತಿದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು, “ಮಜ್ಜಿಗೆ ಕುಡಿದ ಹಾಗೆ ನುಂಗು” ಎಂದರು. ಕಿವಿ ಟಪ್ಪೆಂದು ಬಿಟ್ಟಿತು. ಎದುರಿನ ಕುರ್ಚಿಯಲ್ಲಿ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದ ಗುಜರಾತಿ ಸೇಠರೊಬ್ಬರು ಚಿಕಿತ್ಸೆಗೆ ಬರುತ್ತಿದ್ದರು. ಅವರಿಗೂ ಅಕ್ಕ ಹಿಂದಿಯಲ್ಲಿ ಮಜ್ಜಿಗೆಯ ಉಪಾಯ ಹೇಳಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ನಿನಗೆ ಎಲ್ಲಿ ಗಾಯ?”

ಗಾಯವಿಲ್ಲ, ವಯಸ್ಸು ಇಳಿಸಿಕೊಳ್ಳಲು ಬಂದಿದ್ದೇನೆ ಎಂದೆ.

“ಇಳಿಸಿ ಎಂತ ಮಾಡ್ತಿ?”

ನಾನು ಮಾಸ್ಕಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ.

“ಪುನಃ ಅದೇ ಆಫೀಸಿಗೆ ಅಲ್ವಾ ಹೋಗುದು? ಈಗಾದ್ರೆ ರಿಟೈರ್ ಆಗ್ಲಿಕ್ಕೆ ಬಂತು. ಹಿಂದಕ್ಕೆ ಹೋದ್ರೆ ಇನ್ನೂ ಅಷ್ಟು ವರ್ಷ ದುಡಿಬೇಕು ನೀನು.” ಹೀಗೆ ಹೇಳಿ ಮಾಸ್ಕು ಹಾಕಿಕೊಂಡರು. ಆ ದಿನ ನಾನು ಉಸಿರಾಡಿದ ಆಮ್ಲಜನಕವೆಲ್ಲ ಈ ಮಾತನ್ನು ಅರಗಿಸಿಕೊಳ್ಳುವುದಕ್ಕೇ ಖರ್ಚಾಯಿತು.

ಒಪ್ಪಂದದಂತೆ ಅಣ್ಣ ಹೊರಗೆ, ಅಕ್ಕನ ಎದುರಿನ ಗಾಜಿನ ಬಳಿ ಕೂರಬೇಕು. ಹೆಂಡತಿಯನ್ನು ಕರೆತಂದ ಗಾಲಿಕುರ್ಚಿಯಲ್ಲೇ ಅವರು ಆಸೀನರಾಗುತ್ತಿದ್ದರು. ಮೊದಲ ದಿನ ಉತ್ಸಾಹದಿಂದ ಕೈ ಬೀಸಿದರು, ನಕ್ಕರು, ಹೆಬ್ಬೆರಳು ತೋರಿಸಿದರು. ಆದರೆ ಗಲ್ಲಾದಲ್ಲಿ ಕೂತರೂ ಮೂರು ನಿಮಿಷಕ್ಕೊಮ್ಮೆ ಎದ್ದು ಟೇಬಲ್ಲುಗಳ ನಡುವೆ ಸುತ್ತುತ್ತಿದ್ದ ಮನುಷ್ಯ ಅವರು. ಎರಡನೇ ದಿನ ಪೇಪರು ಬಿಡಿಸಿದರು. ಮುಖ ಮರೆಯಾಯಿತು. ಅಕ್ಕ ಮಾಸ್ಕಿನೊಳಗಿಂದಲೇ ಏನೋ ಕೂಗಿ ಗಾಜು ತಟ್ಟಿದರು. ಪೇಪರನ್ನು ಮೂಗಿನ ಕೆಳಗೆ ಹಿಡಿಯಬೇಕೆಂದು ತೀರ್ಮಾನವಾಯಿತು. ಇನ್ನೊಂದು ದಿನ ಚಹಾಕ್ಕೆಂದು ಎದ್ದು ಹೋದರು. ಅಕ್ಕ ಎಷ್ಟು ಕಂಗೆಟ್ಟರೆಂದರೆ ಯಂತ್ರದವನು ಬಾಗಿಲಿಗೆ ಓಡಿ ಅವರನ್ನು ವಾಪಸು ಕರೆಯಬೇಕಾಯಿತು. ಅಂದಿನಿಂದ ಚಹಾ ಕುರ್ಚಿಗೇ ಬರತೊಡಗಿತು.

ಇತ್ತ ನನ್ನ ಪಾಡು ಕೇಳಿ. ಕಣ್ಣು ಮುಚ್ಚಿ, ಮನಸ್ಸು ಹಗುರ ಮಾಡಿಕೊಂಡು ಕೂರಿ ಎಂದು ಡಾಕ್ಟರು ಹೇಳಿದ್ದಳು. ಚಿಂತೆ ಮಾಡಲು ಕುರ್ಚಿಯೇ ಸಾಕಾಗುವ ನನಗೆ ಕುರ್ಚಿಯ ಎದುರಿಗೇ ವಿಷಯವೂ ಸಿಕ್ಕಿತ್ತು. ಅಕ್ಕ ಕಣ್ಣು ಮಿಟುಕಿಸುವಾಗ ಅಣ್ಣನನ್ನು ನೋಡಿಕೊಳ್ಳುವ ಹೊಣೆ ತನ್ನಷ್ಟಕ್ಕೆ ನನ್ನ ಮೇಲೆ ಬಂತು. ಎಂಬತ್ತರ ಸಮೀಪದ ಮನುಷ್ಯ, ಎದೆ ಏರಿಳಿಯುತ್ತಿದೆಯೇ, ತುಟಿ ಬಣ್ಣಗೆಟ್ಟಿದೆಯೇ ಎಂದು ಗಾಜಿಗೆ ಕಣ್ಣಂಟಿಸಿ ಕೂರುತ್ತಿದ್ದೆ. ಕ್ರಮೇಣ ಸೇಠರಿಗೂ ಇದು ಅಂಟಿತು. ಅಣ್ಣ ತುಸು ಹೊತ್ತು ಅಲುಗಾಡದಿದ್ದರೆ ಅವರು ಮುಂದೆ ಬಾಗಿ ನೋಡುತ್ತಿದ್ದರು. ಅಲುಗಾಡಿದರೆ ಸಮಾಧಾನದಿಂದ ಹಿಂದೆ ಒರಗುತ್ತಿದ್ದರು.

ಹೀಗಿರುವಾಗ ಒಂದು ದಿನ ಅಣ್ಣನ ತಲೆ ಪಕ್ಕಕ್ಕೆ ವಾಲಿತು. ಬಾಯಿ ತೆರೆಯಿತು. ಕೈಯಲ್ಲಿದ್ದ ಪೇಪರು ಜಾರಿ ನೆಲಕ್ಕೆ ಬಿತ್ತು.

ಅಕ್ಕ ಮಾಸ್ಕು ಕಿತ್ತು, “ಬಾಗಿಲು ತೆಗಿ” ಎಂದರು.

ಸ್ಪೀಕರಿನಿಂದ ಯಂತ್ರದವನ ದನಿ ಬಂತು. “ಅಕ್ಕಾರ, ಮಾಸ್ಕ್ ಹಾಕ್ಕೋರಿ. ಬಾಗಲಾ ಹಂಗ ಒಮ್ಮೆಲೆ ತೆಗಿಯಾಕ ಬರಂಗಿಲ್ರಿ. ಪ್ರೆಶರ್ ನಿಧಾನಕ ಇಳಿಸಬೇಕು, ಇಲ್ಲಂದ್ರ ಎಲ್ಲಾರ್ಗೂ ಪೆಟ್ಟಾಕ್ಕೈತಿ.”

“ಅವರನ್ನು ನೋಡು ಅಲ್ಲಿ.”

“ನೋಡೀನ್ರಿ. ನಿದ್ದಿ ಹತ್ತೈತಿ.”

“ನಿದ್ದೆ ಅಂತ ನಿನಗೆ ಹೇಗೆ ಗೊತ್ತು? ಮುಟ್ಟಿ ನೋಡಿದ್ದೀಯಾ?”

ಅಕ್ಕನ ಕೈ ಕೊರಳಿನ ಅರಿಶಿನದ ಕೊಂಬನ್ನು ಹಿಡಿದುಕೊಂಡಿತ್ತು. ಸೇಠರು ಎದ್ದು ನಿಂತು ಗಾಜಿನ ಮೇಲೆ ಎರಡೂ ಅಂಗೈ ಊರಿದ್ದರು. ವಿಮೆ ಕಚೇರಿಯವನಾದ ನಾನು ಮನಸ್ಸಿನಲ್ಲೇ ಮುಂದಿನ ಎಲ್ಲವನ್ನೂ, ಆಂಬುಲೆನ್ಸಿನಿಂದ ಶಿವಾಜಿ ಪಾರ್ಕಿನ ಸ್ಮಶಾನದವರೆಗೆ, ಮುಗಿಸಿಬಿಟ್ಟಿದ್ದೆ.

“ಅಕ್ಕಾರ, ಗೊರಕಿ ಹೊಡಿಲಿಕ್ಕತ್ತಾರ್ರಿ.”

“ಸುಳ್ಳು ಹೇಳಬೇಡ. ನನಗೆ ಕೇಳಿಸು.”

ಕಿಟಕಿಗೂ, ಅವನು ಒಳಗಿನವರೊಡನೆ ಮಾತಾಡುವ ಮೈಕಿಗೂ ನಡುವೆ ದೂರವಿತ್ತು. ಯಂತ್ರದವನು ಒಂದು ಕ್ಷಣ ಯೋಚಿಸಿದ. ಆಮೇಲೆ ಗಾಲಿಕುರ್ಚಿಯ ಬ್ರೇಕು ಬಿಡಿಸಿ, ಅಣ್ಣನನ್ನು ನಿಧಾನವಾಗಿ ತಳ್ಳಿಕೊಂಡು ಹೋಗಿ, ಮೈಕನ್ನು ಅವರ ಬಾಯಿಯ ಮುಂದಕ್ಕೆ ಬಗ್ಗಿಸಿದ.

ಇಡೀ ಚೇಂಬರು ಗೊರಕೆಯಿಂದ ತುಂಬಿತು. ಉಕ್ಕಿನ ಗೋಡೆಗೆ ಬಡಿದು ಮರಳಿ ಬಂತು. ಗ್ರೈಂಡರಿಗೆ ಅಕ್ಕಿ ಹಾಕಿದಂಥ ಗೊರಕೆ. ನಡುವೆ ಒಮ್ಮೆ ನಿಂತು, ನಮ್ಮೆಲ್ಲರ ಜೀವ ಬಾಯಿಗೆ ತರಿಸಿ, ಸಿಳ್ಳಿನೊಂದಿಗೆ ಮತ್ತೆ ಹೊರಡುತ್ತಿತ್ತು. ಸೇಠರು ಕೈ ಜೋಡಿಸಿದರು. ಕೇಳದಿದ್ದ ಕಿವಿಯಲ್ಲಿ ತಮಗೆ ಮೊದಲು ಕೇಳಿದ್ದು ಇದೇ ಎಂದು ಆಮೇಲೆ ಅವರು ಹೇಳುತ್ತಿದ್ದರು. ನಿಜವೋ, ಸಂತೋಷಕ್ಕೆ ಹೇಳಿದ್ದೋ ಗೊತ್ತಿಲ್ಲ.

ಅಕ್ಕ ಮಾಸ್ಕು ಹಾಕಿಕೊಳ್ಳುತ್ತಾ, “ಮದುವೆಯಾದಂದಿನಿಂದ ಇದರಿಂದಾಗಿ ನನಗೆ ನಿದ್ದೆ ಇಲ್ಲ” ಎಂದರು. ಕಣ್ಣು ಮುಚ್ಚಿದರು. ಬಾಗಿಲು ತೆರೆಯುವವರೆಗೂ ಎಚ್ಚರವಾಗಲಿಲ್ಲ.

ಮರುದಿನದಿಂದ ಅಣ್ಣನ ಕುರ್ಚಿ ಮೈಕಿನ ಬಳಿಯೇ. ಮಲಗಲು ಅಧಿಕೃತ ಅನುಮತಿ ಸಿಕ್ಕ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಚ್ಚರವಿದ್ದ ದಿನ ಅವರು ಹಳೆಯ ಗಿರಾಕಿಗಳ ಸುದ್ದಿ ಹೇಳುತ್ತಿದ್ದರು, ಒಮ್ಮೊಮ್ಮೆ “ಅಕ್ಕಾ, ಎರಡು ಮಸಾಲೆ” ಎಂದು ಮೈಕಿನಲ್ಲಿ ಕೂಗುತ್ತಿದ್ದರು.

ಗಾಯ ಅವಸರ ಮಾಡಲಿಲ್ಲ. ಒಂದು ವಾರ ಕಪ್ಪಾಗಿಯೇ ಇತ್ತು. ಡಾಕ್ಟರು ಮಾತು ಕಡಿಮೆ ಮಾಡಿದಳು. ಆಮೇಲೆ ಅಂಚಿನಲ್ಲಿ ಗುಲಾಬಿ ಬಣ್ಣ ಕಂಡಿತು. ಡ್ರೆಸ್ಸಿಂಗ್ ಬಿಚ್ಚಿದಾಗಲೆಲ್ಲ ನಾನು ಗೋಡೆ ನೋಡುತ್ತಿದ್ದೆ. ಅಕ್ಕ ಮಾತ್ರ ಬಗ್ಗಿ ನೋಡಿ, “ಹಿಡೀತಾ ಉಂಟು” ಎನ್ನುತ್ತಿದ್ದರು. ಕೊನೆಗೊಂದು ದಿನ ಡಾಕ್ಟರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಆಂಟಿ, ಬೆರಳು ನಿಮ್ಮದೇ” ಎಂದಳು. ಜೊತೆಗೇ, ಇನ್ನು ಮುಂದೆ ಯಾವ ಕಾಲಿಗೂ ಉಂಗುರ ಹಾಕಕೂಡದು, ಎಂದಿಗೂ, ಎಂದು ಕಟ್ಟುನಿಟ್ಟಾಗಿ ಹೇಳಿದಳು. ನನ್ನ ಕೋರ್ಸೂ ಮುಗಿದಿತ್ತು. ಬಿಪಿ ನೋಡಿದಳು, ಸೇರುವಾಗ ಇದ್ದದ್ದಕ್ಕಿಂತ ಹೆಚ್ಚಿತ್ತು.

ವಾಪಸು ಬರುವ ಟ್ಯಾಕ್ಸಿಯಲ್ಲಿ ಅಕ್ಕ ದಾದರ್ ದಾಟುವವರೆಗೂ ಸೆರಗಿನ ಗಂಟನ್ನು ಬೆರಳಲ್ಲಿ ಹೊರಳಿಸುತ್ತಾ ಕೂತಿದ್ದರು. ಬೆರಳು ಉಳಿದ ಸಂತೋಷ ಮುಖದಲ್ಲಿ ಕಾಣುತ್ತಿರಲಿಲ್ಲ. ಸಾಯನ್ ಸಿಗ್ನಲ್ಲಿನಲ್ಲಿ ನಿಂತಾಗ ಸೆರಗಿನ ಗಂಟು ಬಿಚ್ಚಿದರು. ಕತ್ತರಿಸಿದ ಉಂಗುರವನ್ನು ಬೆರಳುಗಳಿಂದ ಅಗಲಿಸಿ, ಪಕ್ಕದಲ್ಲಿ ಕೂತಿದ್ದ ಅಣ್ಣನ ಕೈ ಎಳೆದುಕೊಂಡು, ಕಿರುಬೆರಳಿಗೆ ಹಾಕಿ ಅದುಮಿದರು.

“ಎಂತ ಮಾರಾಯ್ತಿ ಇದು?”

“ಇಷ್ಟು ವರ್ಷ ನಿಮ್ಮ ಆಯುಷ್ಯ ನಾನು ಕಾಲಿನಲ್ಲಿ ಹೊತ್ತೆ. ಸಾಕಾಯ್ತು. ಇನ್ನು ನಿಮ್ಮದು ನೀವೇ ನೋಡಿಕೊಳ್ಳಿ.”

“ಜನ ಕೇಳಿದ್ರೆ ಎಂತ ಹೇಳುದು?”

“ಬದುಕಿದ್ದೇನೆ ಅಂತ ಹೇಳಿ.”

ಡ್ರೈವರು ಕನ್ನಡಿಯಲ್ಲಿ ನೋಡಿದ. ಅಣ್ಣ ಕಿಟಕಿಯಾಚೆ ನೋಡುತ್ತಾ ಕೂತರು. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬಲಗಾಲಿನ ಉಂಗುರವನ್ನು ಅಕ್ಕ ತಮ್ಮ ಕರಿಮಣಿಗೆ ಪೋಣಿಸಿಕೊಂಡರು. ಪೂರ್ತಿ ಗಂಡಸರ ಕೈಗೆ ಬಿಡುವ ವ್ಯವಹಾರ ಇದಲ್ಲ ಎಂದು ನನ್ನ ಹೆಂಡತಿಗೆ ಹೇಳಿದರಂತೆ.

ಆಮೇಲೆ ಕೆಲವು ವರ್ಷ ಅವರು ಆ ಕಾಲಿನಲ್ಲೇ ಮೆಟ್ಟಿಲು ಹತ್ತಿಳಿದರು, ಮಣಿಕಟ್ಟುಗಳನ್ನು ಹಿಡಿದರು. ನನ್ನನ್ನು ಕಂಡಾಗಲೆಲ್ಲ “ಈಗ ಎಷ್ಟು ವರ್ಷ ನಿನಗೆ, ಕಡಿಮೆ ಆಯ್ತಾ?” ಎಂದು ವಿಚಾರಿಸಿದರು. ಹೋಗುವಾಗ ಕರಿಮಣಿ ಕೊರಳಲ್ಲೇ ಇತ್ತು. ಯಾರೂ ಬಿಚ್ಚಲಿಲ್ಲ.

ಉತ್ತರಕ್ರಿಯೆಯ ದಿನ ನಾನೂ ಹೋಗಿದ್ದೆ. ಅಣ್ಣ ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂತಿದ್ದರು. ದರ್ಭೆಯ ಪವಿತ್ರ ತೊಡಿಸಲು ಕೈ ಹಿಡಿದ ಭಟ್ಟರಿಗೆ ಕಿರುಬೆರಳಿನ ಉಂಗುರ ಕಂಡಿತು.

“ಇದು ಹೆಂಗಸರ ಕಾಲುಂಗುರ ಅಲ್ವಾ? ಅಮ್ಮ ಹೋದ ಮೇಲೆ ಇನ್ನು ಎಂತಕ್ಕೆ, ತೆಗೆದಿಡಿ.”

ಠಾಣೆಯಿಂದ ಬಂದಿದ್ದ ಮಗಳು ಹತ್ತಿರ ಬಂದು, “ಕೊಡಿ ಅಪ್ಪ, ನಾನು ಇಟ್ಟುಕೊಳ್ತೇನೆ” ಎಂದು ಅಂಗೈ ಚಾಚಿದಳು.

ಅಣ್ಣ ಕೈ ಮಡಚಿಕೊಂಡರು. “ಇದು ಅವಳು ಇದ್ದಾಳೆ ಅಂತ ಹಾಕಿದ್ದಲ್ಲ ಭಟ್ರೇ. ನಾನು ಇದ್ದೇನೆ ಅಂತ ಅವಳು ಹಾಕಿದ್ದು” ಎಂದರು. ಸ್ವಲ್ಪ ತಡೆದು, “ನಾನು ಇದ್ದೇನಲ್ಲ” ಎಂದರು.

ಭಟ್ಟರು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಅಣ್ಣನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಪಕ್ಕದ ಬೆರಳಿಗೆ ಪವಿತ್ರ ತೊಡಿಸಿ, ಮಂತ್ರ ಶುರು ಮಾಡಿದರು.